ಸಿಹಿನೀರು ಬಾವಿಯ ಹೊಸ ಒಕ್ಕಲು

ಆ ಭಾನುವಾರವೂ ನಮ್ಮ ಮನೆ ಎದ್ದದ್ದು ರಾಟೆಯ ಸದ್ದಿಗೇ. ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಕೋಳಿ ಕೂಗಿದರೆ ಏಳುವ ಮನೆಗಳಿದ್ದವು, ರೇಡಿಯೋ ಕೂಗಿದರೆ ಏಳುವ ಮನೆಗಳಿದ್ದವು. ನಾವು ಮಾತ್ರ ಹಿತ್ತಿಲ ಬಾವಿಯ ರಾಟೆ ಕಿರ್ರೆಂದರೆ ಏಳುವವರು. ಅಮ್ಮ ಹಗ್ಗ ಎಳೆಯುತ್ತಿದ್ದಳು. ಅಜ್ಜಿ ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ಕೊಡದ ಮುಂದೆ ಕುಕ್ಕುರುಗಾಲಲ್ಲಿ ಕೂತು, ಅದರ ಬಾಯಿಗೆ ಬಿಳಿಯ ಸೋಸುಬಟ್ಟೆ ಹಾಸಿ, ಬಟ್ಟೆಯ ನಡುವೆ ಬೆರಳಿನಿಂದ ಒಂದು ಗುಳಿ ಮಾಡಿಕೊಂಡು ಕಾಯುತ್ತಿದ್ದಳು. ಮುಂಬಾಗಿಲಲ್ಲಿ ಅಪ್ಪ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ, ನೊರೆ ಬರದ ನಲ್ಲಿ ನೀರಿನಲ್ಲಿ ಬ್ರಷ್ಷು ಅದ್ದಿ ಅದ್ದಿ ಕೆನ್ನೆಗೆ ತಿಕ್ಕುತ್ತ, ಬ್ರಷ್ಷನ್ನೋ ಸೋಪನ್ನೋ ಮೆಲ್ಲಗೆ ಬೈಯುತ್ತಿದ್ದರು. ನನ್ನ ಪಾಲಿನ ಕೆಲಸ ಎಲ್ಲಕ್ಕಿಂತ ಕೊನೆಯದು: ಸೋಸಿ ಮುಗಿದ ಬಟ್ಟೆಯನ್ನು ಹಿಂಡಿ ದಾಳಿಂಬೆ ಗಿಡದ ಮೇಲೆ ಒಣಹಾಕುವುದು. ಆ ಬಟ್ಟೆಗೆ ಕೈ ಒರೆಸಿದವರಿಗೆ ಆ ಹೊತ್ತಿನ ಊಟವಿಲ್ಲ ಎಂಬುದು ಮನೆಯ ಕಾನೂನು. ಅಪ್ಪನೂ ಒಂದು ಸಲ ಹಸಿದು ಮಲಗಿದ್ದರಂತೆ.

ನಮ್ಮ ಮನೆಯಲ್ಲಿ ನೀರಿಗೆ ಎರಡು ಅಂತಸ್ತು. ಬೀದಿಯ ನಲ್ಲಿಯಲ್ಲಿ ಬರುವುದು ಉಪ್ಪುನೀರು. ಅದರಲ್ಲಿ ಬೇಳೆ ಹಾಕಿದರೆ ಮಧ್ಯಾಹ್ನದವರೆಗೂ ಗೋಲಿಯಂತೆ ಗಟ್ಟಿಯಾಗಿಯೇ ಕುಣಿಯುತ್ತಿತ್ತು, ತಲೆಗೆ ಹಾಕಿದರೆ ಕೂದಲು ತೆಂಗಿನ ನಾರು. ಅದು ಪಾತ್ರೆಗೆ, ಬಟ್ಟೆಗೆ, ಮೈಗೆ, ಅಂಗಳಕ್ಕೆ. ಹಿತ್ತಿಲ ಬಾವಿಯದು ಸಿಹಿನೀರು. ಅದು ಪೂಜೆಗೆ, ಅಡುಗೆಗೆ, ಬಾಯಿಗೆ, ಅಷ್ಟೇ. ಇಡೀ ಬೀದಿ ಕುಡಿಯುತ್ತಿದ್ದದ್ದು ಆ ಬಾವಿಯದೇ ನೀರು. ಬೆಳಗ್ಗೆ ಮತ್ತು ಸಂಜೆ ಹಿತ್ತಿಲ ಬಾಗಿಲು ತೆರೆದರೆ ಹೆಂಗಸರು ಬಿಂದಿಗೆ ಹಿಡಿದು ಬರುತ್ತಿದ್ದರು. ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಕಟ್ಟೆಯ ಮೇಲೆ ಬಿಂದಿಗೆ ಇಡಬಾರದು, ಅಜ್ಜಿಯ ಹಗ್ಗವನ್ನೇ ಬಳಸಬೇಕು, ಬಿಂದಿಗೆ ಮಾಸಿದ್ದರೆ ಬೆಳಗಿಕೊಂಡು ಮತ್ತೆ ಬರಬೇಕು. ದುಡ್ಡು ಕಾಸು ಏನೂ ಇಲ್ಲ, ಬೈಗುಳ ಮಾತ್ರ ಇತ್ತು. ನೆಂಟರಿಗೂ ವಿನಾಯಿತಿಯಿಲ್ಲ. ಬಂದವರಿಗೆ ಅಜ್ಜಿ ಮೊದಲು ಚೊಂಬಿನಲ್ಲಿ ಸಿಹಿನೀರು ಕೊಡುತ್ತಿದ್ದಳು. ಅರ್ಧ ಕುಡಿದು ಅರ್ಧ ಕೆಳಗಿಟ್ಟವರನ್ನು ಕುಶಲ ಕೇಳುವ ಮೊದಲೇ ವಿಚಾರಿಸಿಕೊಳ್ಳುತ್ತಿದ್ದಳು.

"ಉಳ್ಸಾಂಗಿದ್ರೆ ಅರ್ಧ ಚೊಂಬು ಕೊಡಿ ಅಂತ ಬಾಯ್ ಬುಟ್ಟು ಯೋಳಾಕಾಗ್ಲಿಲ್ವಾ? ಕುಡ್ದೇ ಓಗ್ಬೇಕು ಕಣಪ್ಪ, ಬಸ್ಸು ಕಾಯ್ತದೆ ಬುಡು."

ನಾನು ಓದುತ್ತಿದ್ದದ್ದು ಸಿಸ್ಟರ್‌ಗಳ ಕಾನ್ವೆಂಟಿನಲ್ಲಿ. ಅಲ್ಲಿ ಒಂದು ದಿನ ಸೈನ್ಸ್ ಸಿಸ್ಟರ್, ನೀರನ್ನು ಸೋಸಿದರೆ ಸಾಲದು, ಕುದಿಸಬೇಕು, ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ ಎಂದು ಬೋರ್ಡಿನ ತುಂಬ ಕಾಲುಗಳಿರುವ ಚಿತ್ರಗಳನ್ನು ಬರೆದು ತೋರಿಸಿದ್ದರು. ಮನೆಗೆ ಓಡಿಬಂದು ಅಜ್ಜಿಗೆ ಹೇಳಿದೆ. ನೀನು ಸೋಸಿದ ನೀರಲ್ಲೂ ಲಕ್ಷಗಟ್ಟಲೆ ಹುಳ ಇವೆ ಅಜ್ಜಿ, ಎಂದೆ. ಅಜ್ಜಿ ವಿಭೂತಿ ಹಚ್ಚಿಕೊಳ್ಳುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು.

"ಕಾಣ್ತವಾ?"

"ಕಾಣಲ್ಲ."

"ಕಾಣ್ದೆ ಇದ್ರೆ ನಾನೇನ್ಮಾಡ್ಲಿ ಕಣಮ್ಮಿ? ಕಂಡವ್ನ ಸೋಸದು ನನ್ ಕೆಲ್ಸ. ಕಾಣ್ದಿರವ್ನ ನೋಡ್ಕಳಕ್ಕೆ ಶಿವ ಅವ್ನೆ."

ಹೀಗೆ ಶಿವನಿಗೂ ಅಜ್ಜಿಗೂ ಕೆಲಸ ಹಂಚಿಕೆಯಾಗಿ ಎಲ್ಲವೂ ಸರಾಗವಾಗಿ ನಡೆದಿತ್ತು. ಆ ಭಾನುವಾರ ಮಾತ್ರ ಅಮ್ಮ ಸುರಿದ ಬಿಂದಿಗೆಯ ನೀರು ಬಟ್ಟೆಯಲ್ಲಿ ಇಳಿದ ಮೇಲೆ, ಗುಳಿಯ ನಡುವೆ ಜೀರಿಗೆಗಿಂತ ಒಂದಿಷ್ಟು ದೊಡ್ಡದಾದ ಏನೋ ಒಂದು ಪುಟಕ್ಕನೆ ಹಾರಿತು. ಬಿದ್ದು ಮತ್ತೆ ಹಾರಿತು. ಅಜ್ಜಿ ಕನ್ನಡಕ ಹಾಕಿಕೊಂಡು ಬಗ್ಗಿದಳು. ನಾನೂ ಬಗ್ಗಿದೆ. ಮೈಯೆಲ್ಲ ಗಾಜಿನ ಹಾಗೆ, ಎರಡು ಕರಿ ಚುಕ್ಕೆಯಂಥ ಕಣ್ಣು, ಬೀಸಣಿಗೆಯಂಥ ಬಾಲ. ಬೇಸಿಗೆಗೆ ಬಾವಿ ಇಳಿದು ಬಿಂದಿಗೆ ತಳ ಸವರುವ ಹೊತ್ತಿಗೆ, ತಳದಲ್ಲಿದ್ದವರು ಮೇಲೆ ಬಂದಿದ್ದರು.

"ಅಯ್ಯೋ ನನ್ನಪ್ಪ ಶಿವನೇ, ಮೀನು!"

ಈ ಕೂಗನ್ನು ಅರ್ಥ ಮಾಡಿಕೊಳ್ಳಲು ಒಂದು ವಿಷಯ ಹೇಳಬೇಕು. ನಮ್ಮದು ಕೊರಳಲ್ಲಿ ಲಿಂಗ ಇರುವ ಮನೆ. ಮೊಟ್ಟೆ ಹಾಕಿದ ಕೇಕು ತಿಂದ ಬಾಯನ್ನು ಹೊರಗೇ ಮುಕ್ಕಳಿಸಿ ಒಳಗೆ ಬರಬೇಕಾದ ಮನೆ. ಅಂಥ ಮನೆಯ ಬಾವಿಯಲ್ಲಿ, ಲಿಂಗದ ಮೇಲೆ ಎರೆಯುವ ನೀರಿನಲ್ಲಿ, ಮೀನು ಸಂಸಾರ ಹೂಡಿತ್ತು. ಬಂದದ್ದು ಮರಿ ಅಂದಮೇಲೆ ಅಲ್ಲಿ ತಾಯಿ ತಂದೆ ಇರಲೇಬೇಕಲ್ಲ. ಅಜ್ಜಿ ಮೀನನ್ನು ಬಟ್ಟೆಯ ಸಮೇತ ಎಸೆಯಲು ಕೈ ಎತ್ತಿದಳು, ಅದು ಬಾಯಿ ತೆರೆದು ಮುಚ್ಚಿದ್ದನ್ನು ಕಂಡು ಕೈ ಇಳಿಸಿದಳು. ಕೊನೆಗೆ ಹಿತ್ತಾಳೆ ಚೊಂಬಿಗೆ ಅದನ್ನು ಜಾರಿಸಿದಳು. ನಲ್ಲಿ ನೀರು ಹಾಕಿದರೆ ಸತ್ತು ಹೋದೀತೆಂದು ಸಿಹಿನೀರನ್ನೇ ಹಾಕಿದಳು.

ಗೋಡೆಯಾಚೆ ಇದ್ದವರು ಲೀಲಾ ಚೇಚಿ. ಕೇರಳದ ಬತ್ತೇರಿ ಕಡೆಯವರು, ಅವರ ಯಜಮಾನರು ಬಸ್‌ಸ್ಟ್ಯಾಂಡ್ ಹತ್ತಿರ ಬೇಕರಿ ಇಟ್ಟಿದ್ದರು. ನಾವೆಲ್ಲ ಅವರನ್ನು ಚೇಚಿ ಎಂದೇ ಕರೆಯುತ್ತಿದ್ದೆವು, ಅಕ್ಕ ಎನ್ನುವ ಹಾಗೆ. ಗಲಾಟೆ ಕೇಳಿ ಅವರ ತಲೆ ಗೋಡೆಯ ಮೇಲೆ ಮೂಡಿತು. ಚೊಂಬನ್ನು ನೋಡಿದವರೇ ಮೊಮ್ಮಗು ಹುಟ್ಟಿದ ಸುದ್ದಿ ಬಂದವರಂತೆ ಅರಳಿದರು.

"ಅಯ್ಯೋ, ಮರಿ ಹಾಕಿದಾವಾ! ನಾನೇ ಅಮ್ಮಚ್ಚಿ, ಕಳೆದ ಮಳೇಲಿ ಊರಿಂದ ತಂದು ಬಿಟ್ಟದ್ದು. ನಮ್ಮ ಕಡೆ ಕುಡಿಯೋ ಬಾವಿಗೆ ಮೀನು ಬಿಡ್ತಾರೆ. ನೀರು ಕ್ಲೀನ್ ಉಂಟಾಗ್ತದೆ. ಇಷ್ಟು ದಿನ ನಿಮ್ಮ ನೀರು ಕುಡಿದೆ, ನಾನೂ ಒಂದು ಉಪಕಾರ ಮಾಡ್ಬೇಕಲ್ಲ!"

ಹೊಗಳಿಕೆಗೆ ಕಾದು ನಿಂತ ಆ ಮುಖಕ್ಕೆ ಬೈಯುವುದು ಹೇಗೆಂದು ಅಜ್ಜಿಗೆ ಆ ಕ್ಷಣ ತೋಚಲಿಲ್ಲವೇನೋ. ಒಳಗೆ ಹೋಗಿ ನಡುಮನೆಯ ಕಂಬಕ್ಕೆ ಒರಗಿ ಕೂತು ತೀರ್ಪು ಕೊಟ್ಟಳು. ಬಾವಿಯನ್ನು ಪೂರ್ತಿ ಖಾಲಿ ಮಾಡಿಸಿ, ತೊಳೆಸಿ, ಹೊಸ ನೀರು ಬರುವ ತನಕ ಅದರ ಹನಿಯೂ ತನ್ನ ಬಾಯಿಗೆ ಬೇಡ. ಅಮ್ಮ ಬಾಗಿಲ ಹತ್ತಿರ ನಿಂತು ಸೆರಗು ಹಿಂಡುತ್ತ ಹೇಳಿದಳು.

"ಬ್ಯಾಸ್ಗೆ ಅತ್ತೆ. ಇರೋ ನೀರ ಎತ್ತಿ ಚೆಲ್ಬುಟ್ಟು, ಆಮೇಲೆ ಊಟೆ ಬರ್ದೆ ಓದ್ರೆ? ಬೀದಿಯೋರು ಏನ್ ಕುಡೀಬೇಕು?"

"ನಾನ್ ಕುಡೀದಿರೋ ನೀರ ಅವ್ರ ಬಿಂದ್ಗೆಗೆ ಬುಡ್ಲಾ? ಯಾವ್ ಮೊಕ ಇಟ್ಕಂಡು ಬುಡ್ಲಿ ಯೋಳು?"

ಹೋದ ಬೇಸಿಗೆಯಲ್ಲಿ ಪಕ್ಕದ ಬೀದಿಯವರು ಹೀಗೇ ಹೂಳೆತ್ತಲು ಬಾವಿ ಬತ್ತಿಸಿ, ಒಳಗಿನ ಊಟೆ, ಆ ನೀರಿನ ಸೆಲೆ, ಮುನಿಸಿಕೊಂಡು, ಮುಂಗಾರಿನ ತನಕ ತಳದ ಕಲ್ಲು ನೋಡುತ್ತ ಕೂತದ್ದು ಎಲ್ಲರಿಗೂ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತು. ಆದರೂ ಬೇಗೂರಿನ ಹೊಲದಲ್ಲಿದ್ದ ಚಿಕ್ಕಪ್ಪನಿಗೆ, ಡೀಸೆಲ್ ಇಂಜಿನ್ ತಗೊಂಡು ಈಗಲೇ ಬಾ ಎಂದು ಬಸ್ ಕಂಡಕ್ಟರ್ ಬಾಯಲ್ಲಿ ಹೇಳಿಕಳಿಸಿದಳು. ಆ ಕಾಲಕ್ಕೆ ನಮ್ಮ ಹೆದ್ದಾರಿಯ ಬಸ್ಸುಗಳೇ ಟೆಲಿಫೋನು.

ಅಲ್ಲಿಯ ತನಕ ಅಜ್ಜಿ ಬದುಕಬೇಕಲ್ಲ. ಅಮ್ಮ ನಲ್ಲಿ ನೀರಿನಲ್ಲಿ ಕಾಫಿ ಮಾಡಿದಳು. ಹಾಲು ಒಡೆದು ಲೋಟದಲ್ಲಿ ಚೂರು ಚೂರು ತೇಲಿತು. ಅಜ್ಜಿ ಅದನ್ನು ಮೂಗಿನ ಹತ್ತಿರ ತಂದು, ದೂರ ಇಟ್ಟು, ಅದಕ್ಕೆ ಬೆನ್ನು ಮಾಡಿ ಕೂತಳು. ಮಜ್ಜಿಗೆ ಎಂದರೆ ಅದಕ್ಕೂ ಬಾವಿಯ ನೀರೇ. ಕಡೆಗೆ ಎಳನೀರು ಆಗಬಹುದು ಎಂದಳು.

"ಅದ ದೇವ್ರೇ ಮರದ್ ಮ್ಯಾಲೆ ಸೋಸಿ ಮಡಗವ್ನೆ."

ಅಪ್ಪ ಸೈಕಲ್ಲಿಗೆ ಗೊನೆ ಕಟ್ಟಿಕೊಂಡು ಬಂದರು. ಒಂದರ ಮೇಲೊಂದು ಎಳನೀರು ಕುಡಿದ ಅಜ್ಜಿ ಹೊಟ್ಟೆ ಹಿಡಿದುಕೊಂಡು ಹಿತ್ತಿಲ ಮೂಲೆಯ ಕಕ್ಕಸಿಗೂ ನಡುಮನೆಗೂ ಓಡಾಡತೊಡಗಿದಳು. ಪ್ರತಿ ಸಲ ಹೋಗುವಾಗಲೂ ಬರುವಾಗಲೂ ಚೊಂಬಿನೊಳಗೆ ಇಣುಕುತ್ತಿದ್ದಳು. ಮೀನು ಮರಿ ಸಿಹಿನೀರಿನಲ್ಲಿ ಸುಖವಾಗಿ ಸುತ್ತುತ್ತಿತ್ತು.

ನಡುವೆ ಸಿಕ್ಕಿಬಿದ್ದವರು ಅಪ್ಪ. ಅವರಿಗೆ ಬಂಡೀಪುರದ ಕಡೆ ಫಾರೆಸ್ಟ್ ಡಿಪಾರ್ಟ್‌ಮೆಂಟಿನ ಆಫೀಸಿನಲ್ಲಿ ಗುಮಾಸ್ತೆಯ ಕೆಲಸ. ಅಜ್ಜಿಯ ಲೆಕ್ಕದಲ್ಲಿ ಮಗ ಹುಲಿ ಆನೆಗಳನ್ನು ಕೈಯಾರೆ ಕಟ್ಟಿ ಆಳುವವನು.

"ಆನೆ ಇಡಿಯೋ ಡಿಪಾಟ್ಮೆಂಟ್‌ನಾಗೆ ಇದ್ದೀಯ. ಈ ಮೀನ ಇಡ್ದು, ಜೀವಂತ ಎಲ್ಲಾರ ಕೆರೆಗೆ ಬುಟ್ಟು ಬರಾಕಾಗಲ್ವೇನ್ಲಾ? ಇಂಜಿನ್ ಹಾಕ್ದಾಗ ಅವು ಸತ್ರೆ ಆ ಪಾಪ ಯಾರ್ಗೆ?"

"ಅವ್ವ, ನಾನು ಕ್ಲರ್ಕು ಕಣವ್ವ. ಆನೇನ ನಾನು ಕಾಗದದ ಮೇಲೆ ಬಿಟ್ರೆ ನೋಡಿರೋದೇ ಬಸ್ಸಿನ ಕಿಟಕೀಲಿ."

ಅಲ್ಲಿಗೆ ಅಜ್ಜಿಯ ಸಂಕಟ ಏನೆಂದು ನನಗೆ ಹೊಳೆಯಿತು. ಇಟ್ಟುಕೊಂಡರೆ ಮೈಲಿಗೆ, ಕೊಂದರೆ ಪಾಪ. ಜೀವ ಸಾಯಬಾರದೆಂದೇ ನೀರು ಸೋಸುವ ಕೈ ಅದು; ಸೋಸಿದ ಬಟ್ಟೆಯಲ್ಲಿ ಇರುವೆ ಸಿಕ್ಕರೂ ಊದಿ ಗಿಡದ ಮೇಲೆ ಬಿಡುತ್ತಿದ್ದಳು. ಹಾಗಾಗಿ ಇಂಜಿನ್ ಬರುವ ಮೊದಲು ಮೀನು ಹಿಡಿಯುವ ಕಾರ್ಯಕ್ರಮ ಶುರುವಾಯಿತು. ಮೀನು ತಿನ್ನದವರ ಮನೆಯಲ್ಲಿ ಮೀನು ಹಿಡಿಯುವುದು ಯಾರಿಗೆ ಗೊತ್ತು? ಅಪ್ಪ ಬಿದಿರಿನ ಪುಟ್ಟಿಗೆ ಹಗ್ಗ ಕಟ್ಟಿ ಇಳಿಬಿಟ್ಟು, ಮೀನಿಗೂ ಇಷ್ಟವಾದೀತೆಂದು ಒಂದು ಹಿಡಿ ಕಡ್ಲೆಪುರಿ ಎರಚಿದರು. ಪುರಿ ಬಾವಿಯ ತುಂಬ ಮಲ್ಲಿಗೆ ಹೂವಿನಂತೆ ತೇಲಿತು. ಮೀನು ಮೂಸಿಯೂ ನೋಡಲಿಲ್ಲ. ಖಾರದ ಪುರಿ ಹಾಕಿದ್ದರು ಎಂದು ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಲಗೇಜ್ ಆಟೋದಲ್ಲಿ ಚಿಕ್ಕಪ್ಪ ಬಂದಿಳಿದ. ಜೊತೆಗೆ ಇಂಜಿನ್ನು, ಹೆಬ್ಬಾವಿನಂಥ ಪೈಪು. ಪೈಪಿನ ಮೈಗೆ ಅರಿಶಿನದ ಹೊಲದ ಕೆಸರು, ಸಗಣಿ, ಒಣಗಿದ ಪಾಚಿ. ಚಿಕ್ಕಪ್ಪ ಅದರ ತುದಿಯನ್ನು ಬಾವಿಗೆ ಇಳಿಸಲು ಎತ್ತಿದ್ದೇ ತಡ, ಹೊಟ್ಟೆ ಹಿಡಿದಿದ್ದ ಅಜ್ಜಿ ಬಾಣದಂತೆ ಬಂದಳು.

"ಲೇ, ಅದ ತೊಳ್ದ್ಯೇನ್ಲಾ?"

"ಬತ್ತಿಸ್ಬುಡೋ ಬಾವೀಗೆ ತೊಳ್ದ ಪೈಪ್ ಯಾಕವ್ವ?"

"ಕುಡಿಯೋ ನೀರು ಕಣ್ಲಾ! ಚೆಲ್ಲೋಗಂಟ ಅದು ಕುಡಿಯೋ ನೀರೇ. ಉಣ್ಸೆಹಣ್ಣಾಕಿ ಉಜ್ಜು."

ಬೇಗೂರಿನಿಂದ ಬಂದ ರೈತ ನಲ್ಲಿಯ ಹತ್ತಿರ ಕೂತು, ರಬ್ಬರ್ ಪೈಪನ್ನು ದೇವರ ಸಾಮಾನಿನಂತೆ ಹುಣಸೆಹಣ್ಣಲ್ಲಿ ಉಜ್ಜಿದ. ಉಜ್ಜುವ ಹೊತ್ತಿಗೆ ಎಲ್ಲರ ಕಣ್ಣು ಅವನ ಮೇಲಿತ್ತು. ಅಮ್ಮ ಇಂಜಿನ್ನಿನ ಪಕ್ಕ ಹಾದು ಅಡುಗೆಮನೆಗೆ ಹೋದದ್ದನ್ನು ನಾನೊಬ್ಬಳೇ ನೋಡಿದೆ. ಸೆರಗಿನ ಕೆಳಗೆ ಏನೋ ಉದ್ದವಾದದ್ದು. ಅವಳು ರಾಗಿ ಡಬ್ಬದ ಮುಚ್ಚಳ ತೆಗೆದಳು, ಕೈಯನ್ನು ಮೊಣಕೈವರೆಗೆ ಹೂತಳು, ಖಾಲಿ ಕೈ ಹೊರತೆಗೆದು ರಾಗಿಯನ್ನು ಮಟ್ಟಸ ಮಾಡಿದಳು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಡಲೂ ಇಲ್ಲ, ಸುಮ್ಮನೆ ನೋಡಿದಳು. ಚಿಕ್ಕಪ್ಪ ಪೈಪು ತೊಳೆದು ಬಂದು ಇಂಜಿನ್ ತಿರುಗಿಸಲು ನೋಡಿದರೆ ಹ್ಯಾಂಡ್ಲು ಇಲ್ಲ.

"ಅತ್ಗೆ, ಇಲ್ಲೊಂದು ಹ್ಯಾಂಡ್ಲು ಇತ್ತಲ್ಲ?"

"ಅದೇನೋ ಕಣಪ್ಪ. ಬೇಗೂರಲ್ಲೇ ಬುಟ್ ಬಂದ್ಯೇನೋ ನೋಡು."

ಅತ್ತೆಯ ಎದುರು ದನಿ ಎತ್ತದ ಅಮ್ಮ ದನಿ ಎತ್ತದೆಯೇ ಗೆಲ್ಲುವುದನ್ನು ಕಲಿತದ್ದು ಎಲ್ಲಿಂದಲೋ. ನಾನಂತೂ ಕಲಿತದ್ದು ಅವಳಿಂದ. ಈಗ ಚಾಮರಾಜನಗರದ ನನ್ನ ಅಡುಗೆಮನೆಯಲ್ಲಿ ನೀರು ಶುದ್ಧಮಾಡುವ ಮೆಷಿನ್ ಇದೆ. ಅದು ಒಂದು ಕೊಡ ಒಳ್ಳೆಯ ನೀರು ಕೊಡಲು ಮತ್ತಷ್ಟು ನೀರನ್ನು ಹಿಂದಿನ ಸಣ್ಣ ಪೈಪಿನಿಂದ ಹೊರಗೆ ಬಿಡುತ್ತದೆ. ಮೆಷಿನ್ ಹಾಕಲು ಬಂದವನು ಆ ಪೈಪನ್ನು ಸಿಂಕಿಗೆ ಬಿಟ್ಟು ಹೋದ. ಅವನು ಗೇಟು ದಾಟುವ ಮುಂಚೆ ಅದು ನನ್ನ ಬಕೆಟ್ಟಿನಲ್ಲಿತ್ತು. ನೆಲ ಒರೆಸಲು ಅದೇ, ಪಾತ್ರೆಯ ಮೊದಲ ತೊಳೆತಕ್ಕೆ ಅದೇ. ನಮ್ಮವರು ಆ ಬಕೆಟ್ಟಿಗೆ ಎಡವಿ ಬೈಯದ ದಿನವಿಲ್ಲ. ಸಿಂಕಿಗೇ ಬಿಡಬಾರದೇನೇ, ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ಬಕೆಟ್ಟು ಅಲ್ಲೇ ಇದೆ.

ಹ್ಯಾಂಡ್ಲು ಸಿಗದೆ ಚಿಕ್ಕಪ್ಪನಿಗೆ ರೋಷ ಬಂತು. ಪಂಚೆ ಎತ್ತಿ ಕಟ್ಟಿ, ನಾನೇ ಇಳಿದು ಕೈಯಲ್ಲೇ ಮೀನು ಹಿಡಿಯುತ್ತೇನೆ ಎಂದು ಕಟ್ಟೆಯ ಮೇಲೆ ಕಾಲಿಟ್ಟ. ಆ ಕಾಲನ್ನು ಅಜ್ಜಿ ನೋಡಿದಳು. ಹಿಮ್ಮಡಿಯ ಬಿರುಕುಗಳಲ್ಲಿ ಹೊಲದ ಕರಿಮಣ್ಣು, ಉಗುರಿನ ಸಂದಿಯಲ್ಲಿ ಗೊಬ್ಬರ, ಮಂಡಿಯ ಮೇಲೆ ಇಂಜಿನ್ನಿನ ಎಣ್ಣೆ. ಆಮೇಲೆ ಬಗ್ಗಿ ಬಾವಿಯನ್ನು ನೋಡಿದಳು. ಒಳಗೆ ಕಡ್ಲೆಪುರಿ ಊದಿಕೊಂಡು ತೇಲುತ್ತಿತ್ತು, ಪುಟ್ಟಿಯಿಂದ ಬಿದ್ದ ಬಿದಿರು ಸಿಬಿರು ತೇಲುತ್ತಿತ್ತು, ಖಾರದ ಎಣ್ಣೆ ಕಾಮನಬಿಲ್ಲು ಕಟ್ಟಿತ್ತು. ಅದರ ಅಡಿಯಲ್ಲಿ, ಇದ್ಯಾವುದರ ಗೊಡವೆಯಿಲ್ಲದೆ, ಮೀನುಗಳು ತಣ್ಣಗೆ ತಿರುಗುತ್ತಿದ್ದವು.

"ಇಳೀಲಾ ಕೆಳೀಕೆ."

"ಯಾಕವ್ವ?"

"ಒಂದ್ ವರ್ಸದಿಂದ ಅವು ಅಲ್ಲೇ ಅವೆ, ನೀರು ಪನ್ನೀರಂಗಿತ್ತು. ನೀವು ಕ್ಲೀನ್ ಮಾಡಾಕ್ ಬಂದು ಅರ್ಧ ದಿನ ಆಗಿಲ್ಲ, ಮೋರಿ ಮಾಡ್ಬುಟ್ರಿ. ಇಳೀಲಾ ಅಂದ್ರೆ!"

ಚಿಕ್ಕಪ್ಪ ಕಟ್ಟೆಯಿಂದ ಇಳಿದ. ಇಂಜಿನ್ನು ಅಲ್ಲೇ ನಿಂತಿತ್ತು, ಅಜ್ಜಿಯ ಶಪಥವೂ ಅಲ್ಲೇ ನಿಂತಿತ್ತು. ಅಪ್ಪ ಸೊಳ್ಳೆಪರದೆ ಕಟ್ಟಿದ ಪುಟ್ಟಿಯಲ್ಲಿ ಪುರಿಯನ್ನು ಒಂದೊಂದಾಗಿ ಎತ್ತುತ್ತ ಇಳಿಮಧ್ಯಾಹ್ನ ಕಳೆದರು. ಸಂಜೆಯಾಯಿತು. ಹಿತ್ತಿಲ ಬಾಗಿಲಲ್ಲಿ ಹೆಂಗಸರು ಎಂದಿನಂತೆ ಬಂದು ಚಪ್ಪಲಿ ಬಿಟ್ಟು ಸಾಲಾಗಿ ನಿಂತರು. ಎಂದಿನ ಹರಟೆ ಬಿಟ್ಟು ಬಾವಿಯ ಕಡೆಗೇ ನೋಡುತ್ತಿದ್ದರು. ಸುದ್ದಿ ಬೀದಿಯೆಲ್ಲ ಹಬ್ಬಿತ್ತು. ಬಿಂದಿಗೆಗಳು ಆ ದಿನ ಎಂದಿಗಿಂತ ಹೆಚ್ಚು ಹೊಳೆಯುತ್ತಿದ್ದವು. ಒಬ್ಬೊಬ್ಬರೂ ಎರಡೆರಡು ಸಲ ಬೆಳಗಿಕೊಂಡು ಬಂದಿದ್ದರೆಂದು ತೋರುತ್ತದೆ. ಸಾಲಿನ ಕೊನೆಯಲ್ಲಿ, ತಲೆ ತಗ್ಗಿಸಿಕೊಂಡು, ಚೇಚಿ. ಬೆಳಗಿನ ಅರಳಿದ ಮುಖ ಬಾಡಿತ್ತು. ಯಾರೋ ಅವರಿಗೆ ವಿಷಯ ತಿಳಿಸಿದ್ದರು. ಅಮ್ಮ ಹಗ್ಗ ಕೈಯಲ್ಲಿ ಹಿಡಿದು, ಕೊಡಲೋ ಬೇಡವೋ ಎಂದು ನಡುಮನೆಯ ಕಡೆ ನೋಡುತ್ತ ನಿಂತಳು.

ಅಜ್ಜಿ ಒಳಗಿಂದ ಬಂದಳು. ಒಂದು ಕೈಯಲ್ಲಿ ಮೀನಿನ ಚೊಂಬು, ಇನ್ನೊಂದರಲ್ಲಿ ವಿಭೂತಿ ಗಟ್ಟಿ. ಹಣೆಗೆ ಹೊಸದಾಗಿ ಹಚ್ಚಿಕೊಂಡಿದ್ದಳು. ನೇರ ಕಟ್ಟೆಯ ಹತ್ತಿರ ಹೋಗಿ, ಬೆರಳನ್ನು ವಿಭೂತಿಗೆ ಉಜ್ಜಿ, ಬಾವಿಯ ಬಾಯಿಕಲ್ಲಿನ ಮೇಲೆ ಅಡ್ಡವಾಗಿ ಗೆರೆ ಎಳೆದಳು. ಚಿಟಿಕೆಯಷ್ಟು ಪುಡಿ ಉದುರಿಸಿಕೊಂಡು ಮೊದಲು ಚೊಂಬಿಗೆ, ಆಮೇಲೆ ಬಾವಿಗೆ ಹಾಕಿದಳು. ಕಣ್ಣು ಮುಚ್ಚಿ ಏನೋ ಗುಣುಗುಟ್ಟಿದಳು. ಚೊಂಬನ್ನು ಬಿಂದಿಗೆಯಲ್ಲಿಟ್ಟು ರಾಟೆಯಲ್ಲಿ ಮೆಲ್ಲಗೆ ಇಳಿಸಿ, ಹಗ್ಗ ಅಲುಗಿಸಿ ಮರಿಯನ್ನು ಬಿಟ್ಟಳು. ಖಾಲಿ ಚೊಂಬು ಮೇಲೆ ಬಂದಮೇಲೆ ಬಾವಿಯೊಳಗೆ ಬಗ್ಗಿ, ಮದುವೆಯಾಗಿ ಬಂದ ಸೊಸೆಗೆ ಮೊದಲ ದಿನ ಹೇಳುವ ದನಿಯಲ್ಲಿ ಹೇಳಿದಳು.

"ನೋಡ್ರಪ್ಪ, ಇವತ್ತಿಂದ ನೀವೂ ನಮ್ಮೋರೇ. ಈ ಮನೇಲಿ ಬಾಡು ಗೀಡು ಇಲ್ಲ. ನಮ್ಮಂಗೆ ಶುದ್ದವಾಗಿ ಇರಾಂಗಿದ್ರೆ ಇರಿ. ನೀರ್ಗೆ ಕೊರತೆ ಮಾಡಾಕಿಲ್ಲ."

ಅಪ್ಪ ಕೆಮ್ಮುವ ನೆಪದಲ್ಲಿ ಮುಂಬಾಗಿಲಿಗೆ ಹೋದರು. ಚಿಕ್ಕಪ್ಪನಿಗೆ ಅಮ್ಮ ರಾಗಿ ಡಬ್ಬ ತೋರಿಸಿದಳು. ಅವನು ಹ್ಯಾಂಡ್ಲಿನ ರಾಗಿ ಕೊಡವುತ್ತ ಅತ್ತಿಗೆಯನ್ನು ಹೊಸಬಳನ್ನು ನೋಡಿದಂತೆ ನೋಡಿದ. ಅಜ್ಜಿ ಸೋಸುಬಟ್ಟೆ ಹಾಸಿ, ಮೊದಲ ಕೊಡವನ್ನು ತಾನೇ ಸೋಸಿ, ಬೆಳಗಿನಿಂದ ಕುಡಿಯದಿದ್ದ ಕಾಫಿಯನ್ನು ಮಾಡಿಸಿಕೊಂಡು, ಕಟ್ಟೆಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಕೂತು ಒಂದು ಗುಟುಕು ಒಳಗೆ ಬಿಟ್ಟಳು. ಕಣ್ಣು ತಾನೇ ಮುಚ್ಚಿತು. ಸಾಲಿನಲ್ಲಿದ್ದ ಬಿಂದಿಗೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು, ಮಾತು ಶುರುವಾಯಿತು, ಯಾರೋ ನಕ್ಕರು. ಒಬ್ಬೊಬ್ಬರಾಗಿ ತುಂಬಿಸಿಕೊಂಡು ಹೋದರು. ಕೊನೆಗೆ ಚೇಚಿಯ ಸರದಿ ಬಂತು. ಅವರು ಹಿಂಜರಿದು ನಿಂತಾಗ ಅಜ್ಜಿಯೇ, ತಗೊಳವ್ವ, ಎತ್ತಲಾಗದಿದ್ದರೆ ಹೇಳು, ಎಂದಳು. ಚೇಚಿಯ ಮುಖ ಮತ್ತೆ ಅರಳಿತು. ಹಗ್ಗ ಎಳೆದು, ಬಿಂದಿಗೆಯನ್ನು ಸೊಂಟಕ್ಕೆ ಏರಿಸಿ, ಹೊರಡುವ ಮುನ್ನ ಒಂದು ಸಲ ಬಾವಿಯೊಳಗೆ ಇಣುಕಿದರು.

"ಒಳ್ಳೇ ಮೀನು ಅಮ್ಮಚ್ಚಿ ಇವು. ಸೊಳ್ಳೆಮರಿ ಕಂಡ್ರೆ ಒಂದನ್ನೂ ಬಿಡೋದಿಲ್ಲ, ಜೀವಂತವೇ ನುಂಗಿಬಿಡ್ತವೆ."